ಕೈಗುಣ

ಧಣಿಯ ಮನೆಗೆ ಅಡುಗೆಯವನು ಬೇಕಾಗಿತ್ತು. ಬಂದ ಮೂವರಿಗೂ ಧಣಿ ಒಂದೇ ಪ್ರಶ್ನೆ ಕೇಳಿದರು: “ನನ್ನ ಊಟದಾಗ ವಿಷ ಹಾಕು ಅಂತ ಯಾರರೆ ಹೇಳಿದ್ರ ಏನ್ ಮಾಡ್ತಿ?”

“ಹಾಕಂಗಿಲ್ರಿ. ಯಾರ್ ಹೇಳಿದ್ರೂ ಕೊಲಿ ತಪ್ಪ ಐತ್ರಿ. ಕಾಯ್ದೆ ಅಂದ್ರ ಕಾಯ್ದೆ,” ಎಂದ ಮೊದಲನೆಯವನು.

“ನಿಮ್ಮನ್ನ ನಂಬಿ ನೂರು ಮನಿ ಒಲಿ ಉರಿತಾವ್ರಿ. ಅವನ್ನೆಲ್ಲಾ ಹೆಂಗ ಆರಸ್ಲಿ?” ಎಂದ ಎರಡನೆಯವನು.

ಮೂರನೆಯವನು ತನ್ನ ಅಂಗೈಯನ್ನೇ ನೋಡಿಕೊಂಡ. “ಉಣ್ಣಾವ್ರಿಗೆ ವಿಷ ಹಾಕಾಕ ಈ ಕೈ ಏಳಂಗಿಲ್ರಿ.”

“ಇವತ್ತಿನಿಂದ ನನ್ನ ಊಟ ನಿನ್ನ ಕೈಯಾಗ,” ಎಂದು ಧಣಿ ಅವನನ್ನು ಅಡುಗೆಮನೆಗೆ ಕಳಿಸಿದರು, ಮೊದಲನೆಯವನನ್ನು ಊರಿಗೆ. ಆಮೇಲೆ ಬಾಗಿಲು ಹಾಕಿ ಬಂದು ಎರಡನೆಯವನ ಪಕ್ಕದಲ್ಲೇ ಕುಳಿತರು.

“ನಾಳೆ ನನ್ನ ತಮ್ಮ ಊಟಕ್ಕ ಬರ್ತಾನ. ಅವನ್ನ ನಂಬಿ ಒಂದು ಒಲಿನೂ ಉರಿಯಂಗಿಲ್ಲ.”