ಕಡಲು ಕೊಟ್ಟ ನೆಂಟ

ಆ ಹೆಂಗಸು ಒಂದೊಂದೇ ಸಮಾಧಿ ದಾಟಿ ಇತ್ತಲೇ ಬರುತ್ತಿದ್ದಳು. ಸ್ಮಶಾನದ ಕಾವಲುಗಾರ ಗುಡಿಸುವುದನ್ನು ನಿಲ್ಲಿಸಿ ನೋಡಿದ. ದಿಬ್ಬದ ಕೊನೆಯಲ್ಲಿ, ಬೇಲಿಗೆ ಒತ್ತಿಕೊಂಡಿದ್ದ ಸಮಾಧಿಯೊಂದೇ ಬಾಕಿ. ಅಲ್ಲಿಗೆ ಬಾರದಿದ್ದರೆ ಸಾಕು ಎಂದುಕೊಂಡ. ಬಂದೇಬಿಟ್ಟಳು.

"ಇದು ಯಾರ ಮನೇದು?"

"ನಂದು."

ಬೆಳಗ್ಗೆಯಿಂದ ಊರಿಡೀ ಅವಳದೇ ಸುದ್ದಿ. ದೋಣಿಯಲ್ಲಿ ಹೋದ ತಮ್ಮ ವಾಪಸು ಬರಲಿಲ್ಲವಂತೆ. ಕಡಲಂಚಿನ ಊರೂರು ಅಲೆದು ಕೊನೆಗೆ ಇಲ್ಲಿಗೆ ಬಂದಿದ್ದಾಳಂತೆ. ಸಿಕ್ಕರೆ ಅಗೆಸಿ, ಉಳಿದಷ್ಟನ್ನು ತನ್ನೂರಿಗೆ ಒಯ್ಯುತ್ತಾಳಂತೆ. ಈ ಕೊನೆಯ ಮಾತು ಕಿವಿಗೆ ಬಿದ್ದಾಗಿನಿಂದ ಕಾವಲುಗಾರ ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದ.

ಆ ಊರಿಗೆ ಕೋಟೆಯಿಲ್ಲ, ಆಳಿದ ರಾಜರಿಲ್ಲ. ಚರಿತ್ರೆ ಅಂತ ಇರುವುದು ಈ ಮರಳುದಿಬ್ಬವೊಂದೇ. ಮುತ್ತಜ್ಜಂದಿರ ಕಾಲದಲ್ಲಿ ದೊಡ್ಡ ಹಡಗೊಂದು ಬಂಡೆಗೆ ಬಡಿದು ಒಡೆಯಿತು. ದಡಕ್ಕೆ ಬಂದ ಹೆಣಗಳು ಯಾರವೆಂದು ಯಾರನ್ನು ಕೇಳುವುದು? ಮನೆಗೊಂದರಂತೆ ಹಂಚಿಕೊಂಡರು. ಮಣ್ಣು ಮಾಡಿದವರೇ ನೆಂಟರಾದರು. ಅಂದಿನಿಂದ ಅದೇ ಪದ್ಧತಿ. ಕಡಲು ಯಾರನ್ನೇ ತಂದು ಹಾಕಲಿ, ಆ ಹೆಣ ಮೊದಲು ನೋಡಿದವರ ಪಾಲಿಗೆ. ಸ್ವಂತದವರು ಹುಡುಕಿಕೊಂಡು ಬಂದರೆ ಮಾತ್ರ ಮರುಮಾತಿಲ್ಲದೆ ಬಿಟ್ಟುಕೊಡಬೇಕು.

ಅಲ್ಲಿ ಇಬ್ಬರು ಎದುರಾದರೆ ಮೊದಲು ಕೇಳುವುದೇ "ನಿಮ್ಮವರು ಹೇಗಿದಾರೆ?" ಎಂದು. ಕೇಳುವುದು ಸಮಾಧಿಯ ಬಗ್ಗೆ. ಮರಳು ಕುಸಿಯಿತು, ಮುಳ್ಳು ಬೆಳೆಯಿತು, ಏಡಿ ತೂತು ಕೊರೆಯಿತು, ಹೀಗೇ ಹೇಳಿಕೊಳ್ಳುತ್ತ ಅರ್ಧ ಸಂಜೆ ಕಳೆದುಹೋಗುತ್ತದೆ. ಬೇರೆ ಕಡೆಯಿಂದ ಕೆಲಸಕ್ಕೆ ಬಂದ ಕಾವಲುಗಾರನನ್ನು ಬಹಳ ಕಾಲ ಯಾರೂ ಏನೂ ಕೇಳಲಿಲ್ಲ. ಕೆಟ್ಟ ಜನವಲ್ಲ, ಪಾಪ. ಅವನಲ್ಲಿ ಕೇಳುವುದಕ್ಕೆ ಏನೂ ಇರಲಿಲ್ಲ, ಅಷ್ಟೇ. ದಿನವಿಡೀ ಎಲ್ಲರ ನೆಂಟರ ತಲೆದೆಸೆ ಗುಡಿಸಿ ಗೇಟಿನ ಪಕ್ಕದ ಕೋಣೆಗೆ ಬಂದರೆ ಒಂದು ತಟ್ಟೆ, ಒಂದು ಲೋಟ. ಗೋಡೆಯ ಜತೆ ಎಷ್ಟು ಅಂತ ಮಾತಾಡುವುದು?

ಕೊನೆಗೊಂದು ಮಳೆಗಾಲದಲ್ಲಿ ಅವನಿಗೂ ಒಬ್ಬ ನೆಂಟನಾದ. ಬಿರುಗಾಳಿ ಹೊಡೆದ ಮುಂಜಾನೆ, ಊರು ಬಾಗಿಲು ತೆಗೆಯುವ ಮೊದಲೇ ಒಬ್ಬನೇ ಎಲ್ಲ ಮುಗಿಸಿದ್ದ. ನಮ್ಮನ್ನು ಕರೆಯಬಾರದಿತ್ತೇ ಎಂದು ಊರಿನವರು ಬೈದರು. "ಹೆಣ ಕಾಯೋ ಸ್ಥಿತೀಲಿ ಇರಲಿಲ್ಲ," ಎಂದ. ಮರುದಿನ ಐಸ್ ಕಾರ್ಖಾನೆಯ ಯಜಮಾನ ಅವನನ್ನು ನಡುಬೀದಿಯಲ್ಲಿ ನಿಲ್ಲಿಸಿ, "ಏನಪ್ಪಾ, ನಿಮ್ಮವನು ಹೇಗಿದಾನೆ?" ಎಂದು ಕೇಳಿದ. ಕಾವಲುಗಾರ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತ. ಅಂಥ ಸಂತೋಷ.

ಆ ನೆಂಟನ ಮುಂದೆ ಈಗ ಈ ಹೆಂಗಸು ಕಾಲು ಮಡಚಿ ಕುಳಿತಳು. ದರ್ಜಿ ಕೆಲಸದವಳು, ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಗಡುಸಾಗಿತ್ತು.

"ಯಾವಾಗಿಂದು?"

"ದೊಡ್ಡ ಬಿರುಗಾಳಿ ವರ್ಷದ್ದು."

"ನನ್ನ ತಮ್ಮ ಹೋಗಿದ್ದೂ ಅದೇ ಬಿರುಗಾಳೀಲಿ. ಹೇಗಿದ್ದ ನೋಡೋಕೆ?"

"ನೀವೇ ಮೊದಲು ಹೇಳಿ. ನಿಮ್ಮ ತಮ್ಮ ಹೇಗಿದ್ದ?"

ಊರಿನ ಹಿರಿಯರು ಕೇಳುವುದೂ ಹೀಗೇ. ಯಾರದೋ ಸಮಾಧಿಯನ್ನು ಇನ್ಯಾರೋ ಹೊತ್ತುಕೊಂಡು ಹೋಗಬಾರದಲ್ಲ.

"ಉದ್ದಕ್ಕಿದ್ದ. ಬಾಚಣಿಗೆ ಕಂಡ್ರೆ ಆಗ್ತಿರಲಿಲ್ಲ. ನೀಲಿ ಅಂಗಿ, ನಾನೇ ಹೊಲಿದಿದ್ದು. ಕೊನೇ ಗುಂಡಿ ಮಾತ್ರ ಹಸಿರು. ನೀಲಿದು ಮುಗಿದುಹೋಗಿತ್ತು. ಯಾರು ನೋಡ್ತಾರೆ ಹೋಗೋ ಅಂದೆ. ಮುಖ ಊದಿಸ್ಕೊಂಡೇ ದೋಣಿ ಹತ್ತಿದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ ಕಡೆಯೆಲ್ಲಾ ಇಲ್ಲ ಅಂದ್ರು. ನೀವೂ ಇಲ್ಲ ಅನ್ನೋದಾದ್ರೆ ಬೇಗ ಅಂದುಬಿಡಿ."

ಇಲ್ಲ ಅಂದರೆ ಮುಗಿಯಿತು. ಅವಳು ಹೋಗುತ್ತಾಳೆ, ಸಮಾಧಿ ಉಳಿಯುತ್ತದೆ, ನಾಳೆಯೂ ಬೀದಿಯಲ್ಲಿ ಜನ ನಿಂತು ವಿಚಾರಿಸುತ್ತಾರೆ. ಹೌದು ಅಂದರೆ ಗುದ್ದಲಿ ಬರುತ್ತದೆ. ಅಲ್ಲಿಗೆ ಎಲ್ಲವೂ ಹೋಯಿತು. ಕಾವಲುಗಾರ ಅವಳ ಬೆರಳುಗಳನ್ನೇ ನೋಡುತ್ತ ನಿಂತ. ಅವು ಮಡಿಲಲ್ಲಿ ಇಲ್ಲದ ಗುಂಡಿಯೊಂದನ್ನು ಹಾಕಿ ತೆಗೆದು ಮಾಡುತ್ತಿದ್ದವು.

"ಹಸಿರು ಗುಂಡಿ," ಎಂದ. "ಇತ್ತು."

ಅವಳು ಮರಳಿನ ಮೇಲೆ ಬೋರಲಾಗಿ ಬಿದ್ದು ಅತ್ತಳು. ಕಾವಲುಗಾರ ಕೋಣೆಗೆ ಹೋಗಿ ತನ್ನ ಲೋಟದಲ್ಲಿ ನೀರು ತಂದುಕೊಟ್ಟ. ಕುಡಿದಳು. ಸಮಾಧಾನವಾದ ಮೇಲೆ ಅಂಗೈಯಿಂದ ಮರಳು ಸವರಿದಳು. ಅಕ್ಕಪಕ್ಕದ ಸಮಾಧಿಗಳೆಲ್ಲ, ಒಳಗಿನವರು ಮಣ್ಣಾದಂತೆ, ನಡು ಕುಸಿದು ತಗ್ಗಾಗಿದ್ದವು. ಮಳೆ ಮುಗಿದಾಗಲೆಲ್ಲ ಮನೆಯವರು ಬುಟ್ಟಿಯಲ್ಲಿ ಮರಳು ತಂದು ತುಂಬುವುದು ರೂಢಿ.

"ಇದೊಂದು ಕುಸಿದೇ ಇಲ್ವಲ್ಲ?"

"ದಿನಾ ನೋಡ್ಕೋತೀನಮ್ಮ."

ಊರಿನವರೂ ಇದನ್ನೇ ತೋರಿಸಿ ತಮ್ಮ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದರು.

ಅವಳು ಅಂಗೈ ಎತ್ತಲಿಲ್ಲ. ಅಲ್ಲೇ ಇಟ್ಟುಕೊಂಡು ಅವನ ಮುಖ ನೋಡಿದಳು. ಬಾಗಿಲು ತೆರೆದಿದ್ದ ಕೋಣೆಯತ್ತ ನೋಡಿದಳು. ತನ್ನ ಕೈಯಲ್ಲಿದ್ದ ಲೋಟ ನೋಡಿದಳು.

"ಅಗೆಸೋದು ಬೇಡ," ಎಂದಳು. "ಇಲ್ಲೇ ಇರಲಿ. ವರ್ಷಕ್ಕೊಂದ್ಸಲ ನಾನೇ ಬರ್ತೀನಿ. ನಿಮ್ಮನ್ನ ಅಣ್ಣ ಅಂತ ಕರೀಬಹುದಾ?"

ಕಾವಲುಗಾರ ತಲೆಯಾಡಿಸಿದ. ಅವಳು ಸೆರಗಿನಿಂದ ಲೋಟ ಒರೆಸಿ ಅವನ ಕೈಗಿಟ್ಟು ದಿಬ್ಬ ಇಳಿದಳು. ಗೇಟಿನ ಬಳಿ ತಿರುಗಿ ನಿಂತು, "ನಮ್ಮವನನ್ನ ನೋಡ್ಕೋ ಅಣ್ಣಾ!" ಎಂದು ಕೂಗಿದಳು.

"ನೋಡ್ಕೋತೀನಮ್ಮ," ಎಂದು ಕಾವಲುಗಾರನೂ ಕೂಗಿದ. ಅವಳು ಮರೆಯಾಗುವ ತನಕ ನಿಂತಿದ್ದು, ಆಮೇಲೆ ಪೊರಕೆ ತೆಗೆದುಕೊಂಡು ಅವಳು ಕೂತೆದ್ದ ಜಾಗವನ್ನು ಮೆಲ್ಲಗೆ ಸಮ ಮಾಡಿದ.

ಬಿರುಗಾಳಿಯ ಆ ಮುಂಜಾನೆ ಕಡಲು ಯಾರನ್ನೂ ತಂದಿರಲಿಲ್ಲ. ಅವನು ಬರಿಯ ಕುಣಿ ತೋಡಿ, ಬರಿಯ ಮರಳು ಮುಚ್ಚಿದ್ದ.