ನಂಬಿ ಬೀಳುವ ಪಾಠ

ಮಾತಿಲ್ಲದೆ ಮೈಯಲ್ಲೇ ನಾಟಕ ಆಡುವುದನ್ನು ಕಲಿಸಲು ಕೆಂಚಪ್ಪ ಮೇಷ್ಟ್ರು ನಾರ್ವೆಯ ಶಾಲೆಯೊಂದಕ್ಕೆ ಹೋದರು. ಮೊದಲ ದಿನವೇ, ಚೆನ್ನಾಗಿ ಅಭಿನಯಿಸಿದ ಒಬ್ಬನಿಗೆ ಊರಿನ ಅಭ್ಯಾಸದಂತೆ "ಭೇಷ್!" ಎಂದು ಬೆನ್ನಿಗೊಂದು ಬಾರಿಸಿದರು.

ಪ್ರಾಂಶುಪಾಲರು ಕರೆಸಿದರು. "ಇಲ್ಲಿ ಕೇಳದೆ ಯಾರೂ ಯಾರನ್ನೂ ಮುಟ್ಟುವ ಹಾಗಿಲ್ಲ. ಇನ್ನೊಂದು ಸಲ ಹೀಗಾದರೆ ನೀವು ಊರಿಗೆ ಹೊರಡಬಹುದು."

ಮೇಷ್ಟ್ರು ಬೆವೆತುಹೋದರು. ಅಂದಿನಿಂದ ತರಗತಿಯಲ್ಲಿ ಅವರದು ಒಂದೇ ಮಂತ್ರ. "ಮೊದಲು ಕೇಳಿ. ಹೂಂ ಅಂದಮೇಲೆ ಮುಟ್ಟಿ. ಮರೆತವರಿಗೆ ನನ್ನ ಕ್ಲಾಸಲ್ಲಿ ಜಾಗ ಇಲ್ಲ!" ಮಕ್ಕಳು ಚಾಚೂ ತಪ್ಪದೆ ಪಾಲಿಸಿದರು.

ಆಮೇಲೆ ನಂಬಿಕೆಯ ಪಾಠ ಬಂತು. ಬೆಂಚಿನ ಮೇಲೆ ನಿಂತು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಕೆಳಗಿದ್ದವರು ಹಿಡಿದುಕೊಳ್ಳಬೇಕು. ಒಬ್ಬರೂ ಮುಂದೆ ಬರಲಿಲ್ಲ.

"ಸರ್, ಪೆಟ್ಟಾದರೆ?" ಎಂದಳು ಅಸ್ಟ್ರಿಡ್ ಎಂಬ ಹುಡುಗಿ.

"ಅಯ್ಯೋ, ಇಷ್ಟು ಜನ ಇದ್ದೀರಲ್ಲಮ್ಮಾ! ಒಬ್ಬರನ್ನೊಬ್ಬರು ನಂಬದೆ ನಾಟಕ ಹೇಗೆ ಆಡ್ತೀರಿ? ನೋಡಿ, ನಾನೇ ಬೀಳ್ತೀನಿ."

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಬೆಂಚು ಹತ್ತಿದರು. ಕಣ್ಣು ಮುಚ್ಚಿ, ಕೈ ಅಗಲಿಸಿ, ಮಾಗಿದ ಹಲಸಿನ ಹಣ್ಣಿನಂತೆ ಹಿಂದಕ್ಕೆ ವಾಲಿದರು.

ಅವರು ಅರ್ಧ ದಾರಿಯಲ್ಲಿರುವಾಗ, ಚಾಚಿದ ಕೈಗಳೆಲ್ಲ ಗಕ್ಕನೆ ನಿಂತವು. ಇಡೀ ತರಗತಿ ಒಂದೇ ದನಿಯಲ್ಲಿ, ಬಹಳ ವಿನಯದಿಂದ ಕೇಳಿತು:

"ಸರ್, ಮುಟ್ಟಬಹುದಾ?"