ಇಂದಿನ ದೂರುಗಳು: ಸೊನ್ನೆ

‘ಇಪ್ಪತ್ತು ದಿನವಾಯಿತು. ಈ ಕಚೇರಿಯಲ್ಲಿ ನಾನಿನ್ನೂ ಯಾರನ್ನೂ ಏನನ್ನೂ ಕೇಳಿಲ್ಲ. ಶೌಚಾಲಯ ಎಲ್ಲಿದೆ ಎಂಬುದನ್ನು ಕೂಡ.’

ಡೈರಿಯಲ್ಲಿ ಇಷ್ಟು ಬರೆದು ಅವಳು ಪೆನ್ನಿನ ಮುಚ್ಚಳ ಹಾಕಿದಳು. ಶೌಚಾಲಯವೇನೋ ಸಿಕ್ಕಿತ್ತು. ಮೊದಲ ದಿನ ಅಟೆಂಡರ್ ಅಕ್ಕನ ಹಿಂದೆ ಸುಮ್ಮನೆ ನಡೆದು, ಎರಡು ಸಲ ಕ್ಯಾಂಟೀನು ತಲುಪಿ, ಮೂರನೇ ಸಲಕ್ಕೆ ಪತ್ತೆ ಹಚ್ಚಿದ್ದಳು. ಕಡತದ ಕೋಣೆಯ ಮೂಲೆಯ ಮೇಜನ್ನೂ ಹೀಗೆಯೇ ತನ್ನಷ್ಟಕ್ಕೆ ಒಗ್ಗಿಸಿಕೊಂಡಿದ್ದಳು. ಕುರ್ಚಿಯ ಕುಂಟುಕಾಲಿಗೆ ಮಡಿಸಿದ ರಟ್ಟು, ಬಿಸಿಲಿಗೆ ಅಡ್ಡವಾಗಿ ಹಳೆಯ ಕ್ಯಾಲೆಂಡರು, ಫೋನಿಗೆ ಗೋಡೆಯ ಪ್ಲಗ್ಗು.

ನೀರು ಸರಬರಾಜು ಕಚೇರಿಯ ಜಾಲತಾಣ ನೋಡಿಕೊಳ್ಳುವುದು ಅವಳ ಕೆಲಸ. ಒಂದು ತಿಂಗಳು ನೋಡಿ, ಸಾಹೇಬರು ಮೆಚ್ಚಿದರೆ ಕಾಯಂ. ಸಾಹೇಬರಂತೂ ಮೆಚ್ಚಿಬಿಟ್ಟಿದ್ದರು.

“ಎಂಥಾ ಕಾಲ್ಗುಣಾನಮ್ಮ ನಿಂದು! ನೀನು ಬಂದ ದಿನದಿಂದ ದೂರುಗಳ ಪುಟದಲ್ಲಿ ಸೊನ್ನೆ ಅಲ್ಲಾಡಿಲ್ಲ. ಪುಟ ತೆರೆಯೋದೂ ಅಷ್ಟೆ, ಕಣ್ಣು ಮಿಟುಕಿಸೋದ್ರೊಳಗೆ ಬಂತು!”

ಅದೇ ಹೊತ್ತಿಗೆ ಹೊರಗಿನ ಕೌಂಟರಿನಲ್ಲಿ ಅಜ್ಜಿಯೊಬ್ಬಳು ಖಾಲಿ ಬಕೆಟ್ಟನ್ನು ದಡ್ಡೆಂದು ಇಟ್ಟಳು.

“ನಾಕು ದಿನದಿಂದ ನಲ್ಲೀಲಿ ತೊಟ್ಟು ನೀರಿಲ್ಲ ಕಣಪ್ಪಾ.”

“ಜಾಲತಾಣದಲ್ಲಿ ಹಾಕಿ ಅಜ್ಜಿ,” ಎಂದ ಗುಮಾಸ್ತ.

“ಮೊಮ್ಮಗಳು ಹಾಕಿದ್ಲು. ಬರೀ ಚಕ್ರ ತಿರುಗುತ್ತಂತೆ.”

“ಹಾಗಾದ್ರೆ ನಿಮ್ಮ ಫೋನೇ ಸರಿಯಿಲ್ಲ ಬಿಡಿ,” ಎಂದರು ಸಾಹೇಬರು ಒಳಗಿನಿಂದಲೇ.

ಅವರಿಗೆ ಇದ್ದದ್ದು ಒಂದೇ ಚಿಂತೆ. ಪುಟದ ನೆತ್ತಿಯ ತಾರೀಖು ಮೂರಕ್ಕೇ ನಿಂತಿತ್ತು, ಇಂದು ಇಪ್ಪತ್ತಮೂರು. ನಾಲ್ಕು ಗಂಟೆಗೆ ನಿರ್ದೇಶಕರು ಬಂದು ‘ದೂರಿಲ್ಲದ ಕಚೇರಿ’ ಎಂಬ ಫಲಕ ಕೊಡುವವರಿದ್ದರು.

“ತಾರೀಖೊಂದು ಸರಿ ಮಾಡಮ್ಮ. ಸೊನ್ನೆಗೆ ಮಾತ್ರ ಕೈ ಹಚ್ಚಬೇಡ. ಎಲ್ಲಾ ಆ ಗಡ್ಡದವನ ಕಿತಾಪತಿ. ಹೋಗುವಾಗ ಏನೋ ಮಾಡಿಟ್ಟು ಹೋಗಿದ್ದಾನೆ.”

ಗಡ್ಡದವನು ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವನು. ಎರಡನೇ ತಾರೀಖಿಗೆ ಕೆಲಸ ಬಿಟ್ಟಿದ್ದ. ಅವನ ಅನುಭವಪತ್ರ ಸಹಿಯಿಲ್ಲದೆ ಸಾಹೇಬರ ಡ್ರಾಯರಿನಲ್ಲಿ ಬಿದ್ದಿತ್ತು. ಅದಿಲ್ಲದೆ ಹೊಸ ಜಾಗದಲ್ಲಿ ಅವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ.

ಅವಳು ಕೆಲಸಕ್ಕೆ ಕುಳಿತಳು. ಇಲ್ಲಿ ಸರ್ವರ್ ಎರಡು. ಎಲ್ಲೋ ದೂರದಲ್ಲಿ ಬಾಡಿಗೆಗಿದ್ದ ಹೊರಗಿನದು ಕೌಂಟರಿನ ಗುಮಾಸ್ತನಂತೆ. ಯಾರು ಕೇಳಿದರೂ ಒಳಗಿನ ಸರ್ವರಿನಿಂದ ಉತ್ತರ ತಂದು ಕೊಡುತ್ತದೆ. ಅದರ ನಕಲೊಂದನ್ನು ತನ್ನ ತಾತ್ಕಾಲಿಕ ಸಂಗ್ರಹವಾದ ಕ್ಯಾಶ್‌ನಲ್ಲಿ ಇಟ್ಟುಕೊಂಡು ಮುಂದೆ ಬಂದವರಿಗೆ ಅದನ್ನೇ ತೋರಿಸಿ ಕಳಿಸುತ್ತದೆ. ನಕಲಿನ ಆಯುಸ್ಸು ಹತ್ತು ನಿಮಿಷ ಎಂದು ಅದರ ನಿಯಮಗಳ ಕಾನ್ಫಿಗ್ ಕಡತದಲ್ಲಿ ಬರೆದಿತ್ತು. ಇದು ಇಪ್ಪತ್ತು ದಿನ ಹಳಸಿತ್ತು. ಕಡತದ ಕೊನೆಯಲ್ಲಿ ಗಡ್ಡದವನ ಹೆಸರಿನಲ್ಲಿ ಇನ್ನೊಂದು ಸಾಲು: ಒಳಗಿನ ಸರ್ವರ್ ಉತ್ತರಿಸದಿದ್ದರೆ ಹಳೆಯ ನಕಲನ್ನೇ ಕೊಡು.

ಕಿತಾಪತಿ ಸಿಕ್ಕಿತು ಎಂದುಕೊಂಡಳು.

ಅಕ್ಕ ಚಹಾ ತಂದಿಟ್ಟಳು. “ನೀನು ಬಂದ್ಮೇಲೆ ಈ ರೂಮು ಎಷ್ಟು ತಣ್ಣಗಿದೆ ಕಣೇ. ಮುಂಚೆ ಹಗಲೆಲ್ಲಾ ಗುಂಯ್ ಅಂತಿತ್ತು. ಆ ಗಡ್ಡದವನ ಬಾಯೂ ನಿಲ್ತಿರ್ಲಿಲ್ಲ.”

ಅವಳು ನಕ್ಕು, ಆ ಸಾಲನ್ನು ಅಳಿಸಿ, ಕ್ಯಾಶ್ ಖಾಲಿ ಮಾಡಿದಳು. ಸೊನ್ನೆ ಮಾಯವಾಯಿತು. ಬಿಳಿ ಪರದೆಯ ಮೇಲೆ ದಪ್ಪಕ್ಷರದಲ್ಲಿ 502.

ಹೊರಗಿನ ಸರ್ವರಿನ ದಾಖಲೆ ತೆರೆದಳು. ‘ಒಳಗಿನ ಸರ್ವರ್ ಉತ್ತರಿಸುತ್ತಿಲ್ಲ.’ ಪುಟಗಟ್ಟಲೆ ಅದೇ ಸಾಲು. ಮೊದಲನೆಯದು ಮೂರನೇ ತಾರೀಖು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ; ಕಚೇರಿ ಆಗತಾನೇ ತೆರೆದು, ಯಾರೂ ಇನ್ನೂ ದೂರು ಹಾಕಿರದ ಹೊತ್ತು. ಒಳಗಿನ ಸರ್ವರ್ ಎಲ್ಲಿದೆ? ಅದನ್ನು ಯಾರನ್ನಾದರೂ ಕೇಳಬೇಕಿತ್ತು.

“ಐನೂರ ಎರಡು ದೂರಾ?” ಬಾಗಿಲಲ್ಲಿ ಸಾಹೇಬರು ಕಿರುಚಿದರು.

“ದೂರಲ್ಲ ಸರ್, ಅದು ಕೆಟ್ಟಿರೋದರ ಗುರುತು,” ಎಂದಿತು ಅವರ ಬೆನ್ನ ಹಿಂದಿನ ದನಿ. ಗಡ್ಡದವನು. ಪತ್ರ ಕೇಳಲು ಬಂದವನು ಹೆಲ್ಮೆಟ್ ಕೈಯಲ್ಲಿ ಹಿಡಿದು ಅವರ ಹಿಂದೆಯೇ ಒಳಗೆ ಬಂದಿದ್ದ. “ಒಳಗಿನ ಸರ್ವರ್ ಎದ್ದಿದೆಯಾ ನೋಡಿದ್ರಾ?”

“ಎಲ್ಲಿದೆಯಪ್ಪಾ ಅದು?” ಎಂದರು ಸಾಹೇಬರು.

ಅವನು ಅವಳ ಕುರ್ಚಿಯ ಹಿಂದಿನ ಕಬ್ಬಿಣದ ಬೀರು ತೆರೆದ. ಹಳೆಯ ಕಡತಗಳ ನಡುವೆ ಒಂದು ಕಪ್ಪು ಪೆಟ್ಟಿಗೆ. ದೀಪವಿಲ್ಲ, ಸದ್ದಿಲ್ಲ.

“ಸುಟ್ಟುಹಾಕಿ ಹೋಗಿದ್ದೀಯ!” ಸಾಹೇಬರು, ಅವನು ಕೇಳಿದನೆಂದು ಡ್ರಾಯರಿನಿಂದ ತೆಗೆದು ತಂದಿದ್ದ ಅನುಭವಪತ್ರವನ್ನು ಹರಿಯಲೆಂದು ಎರಡೂ ಕೈಯಲ್ಲಿ ಹಿಡಿದರು. “ಈ ಮಗೂನ ನೋಡಿ ಕಲಿ. ಬಂದಾಗಿನಿಂದ ಒಂದು ಸಣ್ಣ ತಪ್ಪು ಮಾಡಿಲ್ಲ. ನಾಳೆಯಿಂದ ಇವಳು ಕಾಯಂ!”

ಗಡ್ಡದವನು ಹೆಲ್ಮೆಟ್ ಕೆಳಗಿಟ್ಟು ಪತ್ರಕ್ಕೆ ಕೈ ಚಾಚಿದ.

ಅವಳು ಪೆಟ್ಟಿಗೆಯ ಬೆನ್ನಿನಿಂದ ಇಳಿದ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿದಳು. ಮೇಜಿನ ಮೇಲೆ ಡೈರಿ ತೆರೆದೇ ಇತ್ತು. ಅದನ್ನು ಮುಚ್ಚಿದಳು.

“ಸರ್, ಅದು ಸುಟ್ಟಿಲ್ಲ. ಬಂದ ದಿನ ನನ್ನ ಫೋನ್ ಚಾರ್ಜಿಗೆ ಹಾಕೋಕೆ ಅದರ ಪ್ಲಗ್ ಕಿತ್ತವಳು ನಾನೇ.”